ಮೂರು ಗೇಣು, ನಾಲ್ಕು ಬೆರಳು

ತಾಂಡೂರು
11 ಜೂನ್ 2024

ಅತ್ತೆಯವರಿಗೆ ವಾಣಿಶ್ರೀಯ ಶರಣಾರ್ಥಿಗಳು.

ಸೊಸೆ ಫೋನು ಬಿಟ್ಟು ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡಿ. ನೀವೀಗ ಮಗಳ ಮನೆಯಲ್ಲಿದ್ದೀರಿ, ಫೋನು ಮಾಡಿದರೆ ಪ್ರೇಮಲಾ ಅದನ್ನು ಸ್ಪೀಕರಿಗೆ ಹಾಕುತ್ತಾಳೆ, ಆಮೇಲೆ ಅವಳ ಇಡೀ ಮನೆ ನಮ್ಮಿಬ್ಬರ ನಡುವೆ ಬಂದು ಕೂತುಕೊಳ್ಳುತ್ತದೆ. ಕಾಗದಕ್ಕೆ ಆ ಭಯವಿಲ್ಲ. ಎರಡೂ ಮನೆ ಸೇರಿ ಕನ್ನಡ ಓದಬಲ್ಲವರು ನಾವಿಬ್ಬರೇ. ನಿಮ್ಮ ಮಗನದೂ ಮಗಳದೂ ತೆಲುಗು ಮೀಡಿಯಂ, ಮಾವನವರದು ಉರ್ದು, ನಮ್ಮ ಪೂರ್ಣಿಮಾಳದು ಇಂಗ್ಲಿಷು. ಮೊಗುಡಂಪಲ್ಲಿಯ ಕನ್ನಡ ಶಾಲೆಯಲ್ಲಿ ನಾನು ತಿಂದ ಏಟುಗಳು ಈಗ ಉಪಯೋಗಕ್ಕೆ ಬಂದವು.

ಲಕೋಟೆಯನ್ನು ನನ್ನ ಬಸ್ಸಿನಲ್ಲಿ ಝಹೀರಾಬಾದಿನವರೆಗೆ ನಾನೇ ತರುತ್ತೇನೆ. ಅಲ್ಲಿಂದ ನಾರಾಯಣಖೇಡದ ಬಸ್ಸಿನ ಕಂಡಕ್ಟರ್ ಸುಮಿತ್ರಾಬಾಯಿ ಒಯ್ದು ನಿಮ್ಮ ಅಳಿಯಂದಿರ ಕಿರಾಣಿ ಅಂಗಡಿಯಲ್ಲಿ ಕೊಡುತ್ತಾಳೆ. ಉತ್ತರವೂ ಅದೇ ದಾರಿಯಲ್ಲಿ ಬರಲಿ. ಹೆಂಗಸರಿಗೆ ಝೀರೋ ಟಿಕೆಟ್ ಬಂದ ಮೇಲೆ ಬಸ್ಸಿನಲ್ಲಿ ಕಂಡಕ್ಟರರಾದ ನಮಗೇ ನಿಲ್ಲಲು ಜಾಗವಿಲ್ಲ, ಕಾಗದಕ್ಕೆ ಹೇಗೋ ಬ್ಯಾಗಿನಲ್ಲಿ ಜಾಗ ಮಾಡುತ್ತೇವೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಅಡುಗೆಮನೆಯನ್ನು ಒಡೆದು ಹೊಸದಾಗಿ ಮಾಡಿಸುತ್ತಿದ್ದೇವೆ. ಏಪ್ರಿಲಿನಲ್ಲಿ ನೀವು ಕೊಡ ಹಿಡಿದು ಹಿತ್ತಲ ಬಾಗಿಲ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ದಿನವೇ ನಾನು ಇದನ್ನು ನಿರ್ಧರಿಸಿದ್ದೆ. ಮಾವನವರ ತಂದೆ ಕಟ್ಟಿಸಿದ ಮನೆ ಗಟ್ಟಿ ನಿಜ, ಗೋಡೆ ಎರಡಡಿ ದಪ್ಪ ನಿಜ, ಆದರೆ ಕಿಟಕಿ ಊಟದ ತಟ್ಟೆಯಷ್ಟು. ಬೆಳಗಿನ ನಾಲ್ಕೂವರೆಯಿಂದ ಒಂಬತ್ತರವರೆಗೆ ಆ ಹದಿನಾಲ್ಕಡಿ ಉದ್ದ, ಒಂಬತ್ತಡಿ ಅಗಲದ ಕತ್ತಲಲ್ಲಿ ಐದು ಜನ ಒಬ್ಬರ ಕಾಲನ್ನೊಬ್ಬರು ತುಳಿಯುತ್ತೇವೆ. ನನ್ನ ಮೊದಲ ಬಸ್ಸು, ನಿಮ್ಮ ಮಗನ ಕರಣಕೋಟ ಸಿಮೆಂಟ್ ಫ್ಯಾಕ್ಟರಿಯ ಪಾಳಿ, ಪೂರ್ಣಿಮಾಳ ಇಂಟರ್ ಕಾಲೇಜು, ಮಾವನವರ ತೊಗರಿ ಮಾರ್ಕೆಟ್ಟು, ಎಲ್ಲವೂ ಒಂದರ ಬೆನ್ನಿಗೆ ಒಂದು. ನೀರಿನ ಡ್ರಮ್ಮು ಹಿತ್ತಲಲ್ಲಿ, ಹಿಟ್ಟಿನ ಡಬ್ಬಿ ಪಡಸಾಲೆಯಲ್ಲಿ, ಒಲೆ ನೆಲದ ಮೇಲೆ. ಚಹಾಕ್ಕೆ ಬಂದವರು ನೀವು ರೊಟ್ಟಿ ಬಡಿಯುವ ಪರಾತ ದಾಟಿಯೇ ಹೋಗಬೇಕು.

ಬಸ್ಸಿನಲ್ಲಿ ಹದಿನಾಲ್ಕು ವರ್ಷ ನಿಂತವಳಿಗೆ ಒಂದು ಮಾತು ಗೊತ್ತು. ಹತ್ತುವವರೂ ಇಳಿಯುವವರೂ ಎದುರುಬದುರಾಗಬಾರದು. ಹಾಗೇ ನಕ್ಷೆ ಹಾಕಿದ್ದೇನೆ, ಪೂರ್ಣಿಮಾ ಅಳತೆ ಬರೆದಿದ್ದಾಳೆ, ಜೊತೆಗಿಟ್ಟಿದೆ. ಕುಡಿಯುವ ನೀರು, ಚಹಾದ ಸಾಮಾನು ಪಡಸಾಲೆಯ ಬಾಗಿಲಲ್ಲೇ. ಬಂದವರು ಅಲ್ಲೇ ಮಾಡಿಕೊಂಡು ಅಲ್ಲಿಂದಲೇ ತಿರುಗಬೇಕು. ಒಳಗೆ ಮೂರೂ ಗೋಡೆಗೆ ಮೂವತ್ತನಾಲ್ಕು ಇಂಚು ಎತ್ತರದ ಕಟ್ಟೆ. ಒಲೆ ಪೂರ್ವಕ್ಕೆ, ಪಾತ್ರೆ ತೊಳೆಯುವುದು ಹಿತ್ತಲ ಬಾಗಿಲ ಪಕ್ಕ. ನಲ್ಲಿ ಒಳಗೇ ಬರುತ್ತದೆ, ಮೆಟ್ಟಿಲಿದ್ದಲ್ಲಿ ಇಳಿಜಾರು. ಕಿಟಕಿ ಮೂರು ಪಟ್ಟು ದೊಡ್ಡದು, ಅದರ ಕೆಳಗೆ ಫ್ರಿಜ್ಜು.

ನಿಮಗಾಗಿ ಪಡಸಾಲೆಗೆ ಬೆನ್ನು, ಕೈ ಎರಡೂ ಇರುವ ಕುರ್ಚಿ ತಂದಿದ್ದೇನೆ. ಡಾಕ್ಟರು ಕೆಳಗೆ ಕೂಡುವುದನ್ನು ಇನ್ನು ಮರೆತುಬಿಡಿ ಎಂದರಲ್ಲ. ಆ ಕುರ್ಚಿಯಲ್ಲಿ ಆರಾಮವಾಗಿ ಕೂತು ಟಿವಿ ನೋಡಿ. ನಲವತ್ತಾರು ವರ್ಷ ದುಡಿದದ್ದು ಸಾಕು, ಇನ್ನು ನೀವು ಕಡ್ಡಿಯನ್ನೂ ಎತ್ತಬೇಕಾಗಿಲ್ಲ. ರೊಟ್ಟಿಗೆ ಓಣಿಯ ಅಮೃತಬಾಯಿಗೆ ಹೇಳಿದ್ದೇನೆ, ದಿನಾ ಮನೆಗೇ ತಲುಪಿಸುತ್ತಾಳೆ.

ನಕ್ಷೆ ನೋಡಿ ಏನನ್ನಿಸಿತು ಬರೆಯಿರಿ.

ನಿಮ್ಮ ಸೊಸೆ
ವಾಣಿಶ್ರೀ


ನಾರಾಯಣಖೇಡ
20 ಜೂನ್ 2024

ವಾಣಿಶ್ರೀಗೆ ಆಶೀರ್ವಾದ.

ಕಾಗದ ತಲುಪಿತು. ನಕ್ಷೆ ನೋಡಿದೆ. ಚೆನ್ನಾಗಿದೆ. ಕಿಟಕಿ ದೊಡ್ಡದು ಮಾಡುವುದು ಒಳ್ಳೆಯದು. ದೇವರ ಗೂಡನ್ನು ಮಾತ್ರ ಇದ್ದಲ್ಲೇ ಇರಿಸಿ.

ನಾನಿಲ್ಲಿ ಸುಖವಾಗಿದ್ದೇನೆ. ಪ್ರೇಮಲಾ ಎಲ್ಲವನ್ನೂ ಕೂತಲ್ಲಿಗೇ ತಂದುಕೊಡುತ್ತಾಳೆ. ದೀಪಾವಳಿವರೆಗೆ ಇರು ಎನ್ನುತ್ತಿದ್ದಾಳೆ, ಆಮೇಲೂ ಇಲ್ಲೇ ಇದ್ದುಬಿಡು ಎನ್ನುತ್ತಿದ್ದಾಳೆ. ಇದ್ದುಬಿಡೋಣ ಎಂದು ನನಗೂ ಅನ್ನಿಸಿದೆ. ಅಲ್ಲಿ ಈಗ ನನ್ನಿಂದ ಆಗಬೇಕಾದದ್ದು ಏನೂ ಉಳಿದಿಲ್ಲವಲ್ಲ.

ತಾರಾಬಾಯಿ


ತಾಂಡೂರು
5 ಜುಲೈ 2024

ಅತ್ತೆಯವರಿಗೆ ಶರಣು.

ನಾನು ಎರಡು ಹಾಳೆ ತುಂಬಿಸಿ ಕಳಿಸಿದರೆ ನೀವು ಏಳೆಂಟು ಸಾಲಿನಲ್ಲಿ ಕೈ ತೊಳೆದುಕೊಂಡಿರಿ. ಅದರಲ್ಲೂ ಕೆಳಗೆ ಬರೀ ತಾರಾಬಾಯಿ. ಬ್ಯಾಂಕಿನ ಫಾರಮ್ಮಿಗೆ ಸಹಿ ಹಾಕಿದ ಹಾಗೆ. ‘ನಿನ್ನ ಅತ್ತೆ’ ಎಂದು ಬರೆಯಲು ಶಾಯಿ ಸಾಲಲಿಲ್ಲವೇ?

ಕೆಲಸ ಶುರುವಾಗಿದೆ. ಯಾಲಾಲಿನ ಪೋಚಪ್ಪ ಮೇಸ್ತ್ರಿ ದಿನಾ ಬರುತ್ತಾನೆ. ಹಳೆಯ ಒಲೆಕಟ್ಟೆ ಒಡೆದಾಯಿತು. ಗೋಡೆ ಕೊರೆದು ಕಿಟಕಿ ಮಾಡಲು ನಾಲ್ಕು ದಿನ ಹಿಡಿಯಿತು, ಮಣ್ಣಿನ ಧೂಳು ನಮ್ಮ ಚಹಾದಲ್ಲೂ ಇದೆ, ತಲೆಯಲ್ಲೂ ಇದೆ. ಕಟ್ಟೆಗೆ ಕಡಪಾ ಕಲ್ಲು ತರಿಸೋಣ ಎಂದರೆ ಪೋಚಪ್ಪನಿಗೆ ಅವಮಾನವಾಯಿತು. “ತಾಂಡೂರಾಗ ಕುಂತು ಕಡಪಾ ಕಲ್ಲು ಎದಕ್ರೀ ಅಕ್ಕೋರೆ? ನಮ್ಮೂರ ಪರಸಿ ಕಲ್ಲಿಗಿ ಏನ್ ಆಗ್ಯಾದ?” ಎಂದ. ಊರ ಕಲ್ಲೇ ಬಂತು. ಸದ್ಯ ಒಲೆ, ಸಿಲಿಂಡರು ಎಲ್ಲ ಪಡಸಾಲೆಯಲ್ಲಿವೆ. ನಿಮ್ಮ ಕುರ್ಚಿಯ ಮೇಲೆ ಅಕ್ಕಿ ಮೂಟೆ ಕೂತಿದೆ.

ಮಾವನವರ ಊಟ ಮಾತ್ರ ಕೆಟ್ಟಿದೆ. ಅಮೃತಬಾಯಿಯ ರೊಟ್ಟಿ ಮುರಿದು ನೋಡುತ್ತಾರೆ, ಮತ್ತೆ ಮುಚ್ಚಿ ಇಡುತ್ತಾರೆ. “ಯಾಕ್ರೀ ಮಾವಾ, ಚಲೋ ಇಲ್ಲೇನು?” ಎಂದರೆ, “ಚಲೋ ಅದಾವವ್ವಾ, ಹಸಿವಿಲ್ಲ” ಎನ್ನುತ್ತಾರೆ. ನಾನೇ ಬಡಿಯೋಣವೆಂದರೆ ನನ್ನ ಕೈ ರೊಟ್ಟಿಗೆ ಬಾರದು ಎಂಬುದು ನಮ್ಮ ಮನೆಯಲ್ಲಿ ಹಳೆಯ ತೀರ್ಮಾನ. ಅದನ್ನು ನಾನು ಕೆದಕುವುದಿಲ್ಲ.

ನೇರವಾಗಿ ಕೇಳುತ್ತೇನೆ. ನಿಮಗೆ ಕೋಪ ಬಂದಿದೆಯೇ? ಬಂದಿದ್ದರೆ ಬೈದು ಬರೆಯಿರಿ. ಆದರೆ ಅಲ್ಲೇ ಇದ್ದುಬಿಡುತ್ತೇನೆ ಎಂದು ಮಾತ್ರ ಬರೆಯಬೇಡಿ. ಆ ಸಾಲು ನಿಮ್ಮ ಮಗನಿಗೆ ಓದಿ ಹೇಳಲು ನನಗೆ ಬಾಯಿ ಬರಲಿಲ್ಲ.

ನಿಮ್ಮ ಸೊಸೆ (ನಾನು ಬರೆಯುತ್ತೇನೆ, ನೋಡಿ)
ವಾಣಿಶ್ರೀ


ನಾರಾಯಣಖೇಡ
14 ಜುಲೈ 2024

ವಾಣಿಶ್ರೀಗೆ,

ಕೇಳಿದ್ದೀಯ, ಹೇಳುತ್ತೇನೆ. ಹೌದು, ಕೋಪ ಬಂದಿದೆ.

ನಿನ್ನ ನಕ್ಷೆಯನ್ನು ಮಡಚಿ ದಿಂಬಿನ ಕೆಳಗಿಟ್ಟಿದ್ದೇನೆ, ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ. ಅದರಲ್ಲಿ ಫ್ರಿಜ್ಜಿಗೆ ಜಾಗವಿದೆ. ಮಿಕ್ಸಿಗೆ ಇದೆ. ಖಾಲಿ ಸಿಲಿಂಡರಿಗೂ ಒಂದು ಮೂಲೆ ಇದೆ, ಪೂರ್ಣಿಮಾ ಅದರ ಸುತ್ತ ಚಂದದ ಗೆರೆ ಹಾಕಿದ್ದಾಳೆ. ನನಗೆ ಮಾತ್ರ ಹೊರಗೆ, ಟಿವಿಯ ಎದುರಿಗೆ. ನನ್ನ ಸೊಂಟ ಮುರಿದಿದೆ ವಾಣಿಶ್ರೀ, ಕೈ ಮುರಿದಿಲ್ಲ.

ನೀನು ನನ್ನ ಒಳ್ಳೆಯದಕ್ಕೇ ಮಾಡಿದೆ ಎಂದು ಗೊತ್ತು. ಪ್ರೇಮಲಾಳೂ ಒಳ್ಳೆಯದಕ್ಕೇ ಮಾಡುತ್ತಾಳೆ. ಕೋಲು ಊರಿಕೊಂಡು ಅವಳ ಅಡುಗೆಮನೆಯ ಹೊಸ್ತಿಲಿಗೆ ಬಂದರೆ ಸಾಕು, “ಅವ್ವಾ, ನೀ ಎದಕ್ಕ ಎದ್ದು ಬಂದಿ? ಹೋಗು, ಕೂಡು ಹೋಗು” ಎನ್ನುತ್ತಾಳೆ. ಇಲ್ಲಿ ಅನ್ನ, ಚಪಾತಿ. ಅಳಿಯಂದಿರು ಜೋಳ ಮುಟ್ಟುವುದಿಲ್ಲ. ಕೂಡು ಎಂದಲ್ಲಿ ಕೂಡುತ್ತೇನೆ, ಹಾಕಿದ್ದನ್ನು ತಿನ್ನುತ್ತೇನೆ. ಮಗಳ ಮನೆಯಲ್ಲಿ ನೆಂಟಳಾಗಿರುವುದು ಸರಿ. ನನ್ನ ಮನೆಯಲ್ಲೂ ನೆಂಟಳಾಗಬೇಕಾದರೆ ಅಲ್ಲಿಗೆ ಯಾಕೆ ಬರಲಿ? ಇಲ್ಲಿಯ ಟಿವಿ ದೊಡ್ಡದಿದೆ.

ಇನ್ನೊಂದು. ನಿನ್ನ ಮೂವತ್ತನಾಲ್ಕು ಇಂಚಿನ ಕಟ್ಟೆ ಬದನೆಕಾಯಿ ಹೆಚ್ಚುವುದಕ್ಕೆ ಸರಿ. ಜೋಳದ ರೊಟ್ಟಿ ಬಡಿಯಬೇಕಾದರೆ ಮೈಯ ಭಾರ ಅಂಗೈಗೆ ಇಳಿಯಬೇಕು. ಅಷ್ಟೆತ್ತರದಲ್ಲಿ ಬರೀ ಭುಜದಿಂದ ಬಡಿಯಬೇಕಾಗುತ್ತದೆ, ಎಂಟು ದಿನದಲ್ಲಿ ತೋಳು ಮೇಲೇಳುವುದಿಲ್ಲ. ಆ ನಕ್ಷೆ ಬರೆದವಳು ರೊಟ್ಟಿ ಬಡಿದವಳಲ್ಲ ಎಂದು ನೋಡಿದರೇ ಗೊತ್ತಾಗುತ್ತದೆ.

ತಾರಾಬಾಯಿ


ತಾಂಡೂರು
6 ಆಗಸ್ಟ್ 2024

ಅತ್ತೆಯವರಿಗೆ,

ಸುಮಿತ್ರಾಬಾಯಿ ಒಂಬತ್ತು ದಿನ ರಜೆಯಲ್ಲಿದ್ದಳು. ನಿಮ್ಮ ಕಾಗದ ಅಷ್ಟು ದಿನ ಅಳಿಯಂದಿರ ಅಂಗಡಿಯಲ್ಲೇ ಬಿದ್ದಿತ್ತು. ನನ್ನ ಕೈಗೆ ಬರುವ ಹೊತ್ತಿಗೆ ಎರಡು ಗೋಡೆಗೆ ಮೂವತ್ತನಾಲ್ಕು ಇಂಚಿನ ಕಟ್ಟೆ ಕೂತಾಗಿತ್ತು. ಓದಿ ಎರಡು ವಾರ ಸುಮ್ಮನಿದ್ದೆ. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಸಿಟ್ಟಿನದನ್ನು ಮೊದಲು ಹೇಳಿಬಿಡುತ್ತೇನೆ.

ನಕ್ಷೆ ಬರೆದವಳು ರೊಟ್ಟಿ ಬಡಿದವಳಲ್ಲ ಎಂದಿರಿ. ಬಡಿಯಲು ಬಿಟ್ಟವರು ಯಾರು ಅತ್ತೆ? ಮದುವೆಯಾಗಿ ಬಂದ ಮೂರನೆಯ ದಿನ ನಾನು ಪರಾತದ ಮುಂದೆ ಕೂತೆ. ನಾಲ್ಕನೆಯ ದಿನ ಏಳುವಷ್ಟರಲ್ಲಿ ಅಲ್ಲಿ ನೀವು ಕೂತಿದ್ದಿರಿ. “ನೀ ಬಿಡವ್ವಾ, ನಿನ್ನ ಕೈ ಇನ್ನೂ ಎಳೀದು ಅದ” ಎಂದಿರಿ. ಆ ನಾಲ್ಕನೆಯ ದಿನ ಹದಿನೆಂಟು ವರ್ಷವಾದರೂ ಮುಗಿಯಲಿಲ್ಲ. ನಾನು ಈರುಳ್ಳಿ ಹೆಚ್ಚಿದೆ, ಚಹಾ ಸೋಸಿದೆ, ಡಬ್ಬಿ ತುಂಬಿದೆ. ಓಣಿಯ ಹೆಂಗಸರು “ಎಂಥಾ ಅತ್ತಿ ಸಿಕ್ಕಾಳ ನಿನಗ, ಒಲಿ ಮುಂದ ಕೂಡಾಕ ಬಿಡಂಗಿಲ್ಲ” ಎಂದು ಹೊಟ್ಟೆಕಿಚ್ಚು ಪಟ್ಟರು. ನಾನೂ ತಲೆಯಾಡಿಸಿದೆ. ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದ್ದು ಸಂಬಳದ ಆಸೆಗೆ ಎಂದು ಎಲ್ಲರೂ ತಿಳಿದರು. ಮನೆಯಲ್ಲಿ ನನ್ನದು ಎನ್ನುವಂಥ ಕೆಲಸ ಒಂದೂ ಇರಲಿಲ್ಲ, ಅದಕ್ಕೆ ಹಾಕಿದೆ.

ಅಳು ಬಂದದ್ದು ಇದಕ್ಕೆ. ಜಾಗವಿಲ್ಲದೆ ಇರುವುದು ಹೇಗಿರುತ್ತದೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರಿಲ್ಲ. ಬಲ್ಲವಳೇ ಕೂತು ಸ್ಕೇಲು ಹಿಡಿದು ನಿಮ್ಮನ್ನು ಹೊರಗೆ ಹಾಕಿದೆ. ತಪ್ಪಾಯಿತು.

ಈಗ ಕೇಳಿ. ಕಿಟಕಿಯ ಕೆಳಗಿನ ಗೋಡೆ ಇನ್ನೂ ಖಾಲಿ ಇದೆ, ಐದಡಿ ಅಗಲ. ನಿಮ್ಮ ಕುರ್ಚಿ ಅಲ್ಲಿಗೆ ಬರುತ್ತದೆ. ಫ್ರಿಜ್ಜು ಪಡಸಾಲೆಗೆ ಹೋಗಿ ಟಿವಿ ನೋಡಲಿ. ಅಲ್ಲಿ ನಿಮಗಾಗಿ ಒಂದು ತಗ್ಗು ಕಟ್ಟೆ, ಕೆಳಗೆ ಕಾಲು ಚಾಚಲು ಪೂರಾ ಖಾಲಿ, ಪಕ್ಕದಲ್ಲಿ ಅಷ್ಟೇ ಎತ್ತರದಲ್ಲಿ ಹಂಚಿಗೆ ಒಲೆ. ಪೋಚಪ್ಪ ತಲೆ ಕೆರೆದುಕೊಂಡ. “ಒಂದೇ ಅಡಗಿಮನ್ಯಾಗ ಎರಡು ಎತ್ತರದ ಕಟ್ಟಿ ಎಲ್ಲೂ ನೋಡಿಲ್ರೀ” ಎಂದ. “ಇಲ್ಲೇ ನೋಡಾಂವ ಇದ್ದಿ” ಎಂದೆ.

ಎಷ್ಟು ಎತ್ತರ ಎಂದು ಹೇಳಬಲ್ಲವರು ನೀವೊಬ್ಬರೇ. ಪ್ರೇಮಲಾಳ ಮನೆಯ ಊಟದ ಕುರ್ಚಿಯೂ ನಿಮ್ಮ ಕುರ್ಚಿಯೂ ಒಂದೇ ಎತ್ತರ, ಅದು ನನಗೆ ನೆನಪಿದೆ. ಅದರ ಮೇಲೆ ಕೂತು ನೋಡಿ ಬರೆಯಿರಿ. ಅಲ್ಲಿಯವರೆಗೆ ಪೋಚಪ್ಪ ಆ ಗೋಡೆ ಮುಟ್ಟುವುದಿಲ್ಲ.

ವಾಣಿಶ್ರೀ


ನಾರಾಯಣಖೇಡ
17 ಆಗಸ್ಟ್ 2024

ವಾಣಿಶ್ರೀಗೆ,

ಮೊದಲು ಅಳತೆಯ ಸುದ್ದಿ.

ಮಧ್ಯಾಹ್ನ ಪ್ರೇಮಲಾ ಅಂಗಡಿಗೆ ಊಟ ಒಯ್ಯುತ್ತಾಳೆ, ಬರಲು ಒಂದು ಗಂಟೆ. ಆ ಹೊತ್ತಿಗೆ ನಾನು ಕಳ್ಳಿಯ ಹಾಗೆ ಎದ್ದು ಕೆಲಸ ನಡೆಸಿದೆ. ಜೋಳದ ಹಿಟ್ಟು ಬೇಕೆಂದು ಅಳಿಯಂದಿರಿಗೆ ಹೊಟ್ಟೆಯ ನೆವ ಹೇಳಿದ್ದೆ. ಕುರ್ಚಿ ಎಳೆದುಕೊಂಡು ಮೊದಲು ಹೊಲಿಗೆ ಮಿಷಿನ್ನಿನ ಮೇಲೆ ಪರಾತ ಇಟ್ಟೆ. ಎತ್ತರವಾಯಿತು, ಭುಜ ಕಿತ್ತುಬಂತು. ತಗಡಿನ ಟ್ರಂಕಿನ ಮೇಲೆ ಇಟ್ಟೆ. ತಗ್ಗಾಯಿತು, ಸೊಂಟ ಬಗ್ಗಿಸಬೇಕಾಯಿತು, ಆಪರೇಷನ್ನಿನಲ್ಲಿ ರಾಡು ಹಾಕಿದಲ್ಲಿ ಚುಳುಕ್ ಎಂದಿತು. ಮೂರನೆಯ ದಿನ ಟ್ರಂಕಿನ ಮೇಲೆ ಪ್ರೇಮಲಾಳ ಮಗಳ ದಪ್ಪ ಪುಸ್ತಕ ಒಂದೊಂದಾಗಿ ಪೇರಿಸಿದೆ. ಆರನೆಯ ಪುಸ್ತಕಕ್ಕೆ ಕೈ ತಾನಾಗಿ ಕೆಳಗೆ ಬಿತ್ತು. ಬಡಿದ ಸಪ್ಪಳದಿಂದಲೇ ತಿಳಿಯಿತು, ಇದೇ ಎಂದು. ನೆಲದಿಂದ ಅಲ್ಲಿಗೆ ಮೂರು ಗೇಣು, ನಾಲ್ಕು ಬೆರಳು. ಬರೆದುಕೊ.

ಅಷ್ಟರಲ್ಲಿ ಪ್ರೇಮಲಾ ಬಂದಳು. ನೆಲದ ತುಂಬ ಹಿಟ್ಟು, ಪುಸ್ತಕಗಳ ಮೇಲೆ ಪರಾತ. “ಅವ್ವಾ! ಏನ್ ಮಾಡಾಕತ್ತಿ?” ಎಂದು ಬಾಗಿಲಲ್ಲೇ ನಿಂತಳು. “ನನ್ನ ಮನಿ ಕಟ್ಟಾಕತ್ತೀನಿ” ಎಂದೆ. ಅವಳಿಗೇನೂ ತಿಳಿಯಲಿಲ್ಲ, ಕಸಬರಿಗೆ ತಂದಳು.

ಇನ್ನು ಎರಡನೆಯದು. ಇದನ್ನು ಬರೆಯಲು ಅಳತೆಗಿಂತ ಹೆಚ್ಚು ದಿನ ಬೇಕಾಯಿತು.

ನಿನ್ನ ರೊಟ್ಟಿ ಕೆಟ್ಟದಾಗಿರಲಿಲ್ಲ. ಆ ಮೂರನೆಯ ದಿನ ನಿನ್ನ ಮಾವ ಲಿಂಗಪೂಜೆ ಮುಗಿಸಿ ಬಂದು ಊಟಕ್ಕೆ ಕೂತರು. ಯಾವಾಗಲೂ ಎರಡು ತಿನ್ನುವವರು ಅಂದು ನಾಲ್ಕು ತಿಂದರು. “ಕಾಗದದಂಗ ಅದಾವಲ್ಲಾ!” ಎಂದರು. ನನಗೆ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಅಂಥ ಮಾತು ಬಂದಿರಲಿಲ್ಲ. ಇವಳು ನಾಳೆಯೂ ಇಲ್ಲಿ ಕೂತರೆ ನಾಡಿದ್ದು ನನಗೆ ಇಲ್ಲಿ ಕೆಲಸವಿರುವುದಿಲ್ಲ ಎಂದು ಹೆದರಿದೆ. ಅದಕ್ಕೇ ಮರುದಿನ ನಿನಗಿಂತ ಮೊದಲು ಎದ್ದೆ. ನಿನ್ನ ಕೈ ಎಳೆಯದು ಎಂದೆ. ಓಣಿಯವರು ಹೊಗಳಿದರು, ಹೊಗಳಿಸಿಕೊಂಡೆ. ಸೊಸೆಯ ಮೇಲಿನ ಮಮತೆ ಎಂದು ನಾನೂ ನಂಬಿದೆ. ನಿನ್ನ ನಕ್ಷೆ ಬಂದು ಅದರಲ್ಲಿ ನಾನಿಲ್ಲ ಎಂದು ಕಂಡ ಮೇಲೆ, ಅವತ್ತು ನಿನಗೆ ಏನು ಮಾಡಿದ್ದೆನೆಂದು ಗೊತ್ತಾಯಿತು.

ಇಷ್ಟು ಓದಿದ ಮೇಲೆ ಆ ತಗ್ಗು ಕಟ್ಟೆ ಬೇಡ ಎನ್ನಿಸಿದರೆ ಬೇಡ. ನಾನು ತಪ್ಪು ತಿಳಿಯುವುದಿಲ್ಲ.

ನಿನ್ನ ಅತ್ತೆ
ತಾರಾಬಾಯಿ


ತಾಂಡೂರು
2 ಸೆಪ್ಟೆಂಬರ್ 2024

ಅತ್ತೆ,

ನಿಮ್ಮ ಕಾಗದವನ್ನು ಝಹೀರಾಬಾದಿನಲ್ಲಿ, ಬಸ್ಸು ಹೊರಡುವ ಹೊತ್ತಿನಲ್ಲಿ, ನನ್ನ ಸೀಟಿನಲ್ಲಿ ಕೂತು ಓದಿದೆ. ಬಸ್ಸು ತುಂಬಿ ಕಾಲಿಡಲು ಜಾಗವಿರಲಿಲ್ಲ. ಡ್ರೈವರು ಎರಡು ಸಲ ತಿರುಗಿ ನೋಡಿದ. “ಬೆಲ್ಲು ಹೊಡಿಯವ್ವಾ, ಹೋಗೋದೋ ಬ್ಯಾಡೋ?” ಎಂದು ಕೂಗಿದಾಗಲೇ ನನಗೆ ಎಚ್ಚರ.

ನಿಮ್ಮ ಮೇಲೆ ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ, ಅರ್ಧ ದಾರಿಯವರೆಗೆ ಇತ್ತು. ಹದಿನೆಂಟು ವರ್ಷ ನನ್ನ ಕೈಯನ್ನು ನಾನೇ ಮೂದಲಿಸಿದ್ದೆನಲ್ಲ. ಟಿಕೆಟ್ ಹರಿಯುವಾಗಲೂ ಈ ಕೈ ಇಷ್ಟಕ್ಕೇ ಲಾಯಕ್ಕು ಎಂದುಕೊಂಡ ದಿನಗಳಿವೆ. ಮುಂದಿನ ಅರ್ಧ ದಾರಿಯಲ್ಲಿ ಮಾವನವರು ನಾಲ್ಕು ತಿಂದರು ಎಂಬುದೊಂದೇ ತಲೆಯಲ್ಲಿ ಉಳಿಯಿತು. ನಾಲ್ಕು! ಒಬ್ಬರೂ ನನಗೆ ಹೇಳಲಿಲ್ಲ. ಇಳಿಯುವಾಗ ನಗುತ್ತಿದ್ದೆನಂತೆ, ಒಬ್ಬ ಮುದುಕಿ “ಏನವ್ವಾ, ಪಗಾರ ಆತೇನು?” ಎಂದು ಕೇಳಿದಳು.

ತಗ್ಗು ಕಟ್ಟೆ ಬೇಡವೇ ಎಂದು ಕೇಳಿದಿರಿ. ಬೇಕು. ನೀವು ನನಗೆ ಮಾಡಿದ್ದನ್ನು ನಾನು ನಿಮಗೆ ತಿರುಗಿ ಮಾಡಿದರೆ ಮುಂದೆ ಪೂರ್ಣಿಮಾ ನನಗೆ ಮಾಡುತ್ತಾಳೆ. ಈ ಆಟ ಇಲ್ಲಿಗೆ ಸಾಕು.

ಆದರೆ ಒಂದು ಎಡವಟ್ಟಾಗಿದೆ. ನಿಮ್ಮ ಅಳತೆಯನ್ನು ಪೋಚಪ್ಪನಿಗೆ ಹೇಳಿ ನಾನು ಡ್ಯೂಟಿಗೆ ಹೋದೆ. ಸಂಜೆ ಬಂದರೆ ಕಟ್ಟೆ ತಯಾರು, ಹಸಿ ಸಿಮೆಂಟಿನ ಮೇಲೆ ಕಲ್ಲು ಕೂತಿದೆ. ಕುರ್ಚಿ ಹಾಕಿ ಕೂತು ನೋಡಿದೆ. ಕಟ್ಟೆ ನನ್ನ ಎದೆಗೆ ಬಂತು! ಅಲ್ಲಿ ರೊಟ್ಟಿ ಬಡಿಯುವುದಲ್ಲ, ಗದ್ದ ಊರಿ ನಿದ್ದೆ ಮಾಡಬಹುದು.

“ಇದೇನು ಪೋಚಪ್ಪ, ಇಷ್ಟು ಎತ್ತರ ಯಾರು ಇಡು ಅಂದ್ರು?” ಎಂದೆ.

“ನೀವೇ ಹೇಳಿದ್ರಲ್ರೀ, ಮೂರು ಗೇಣು, ನಾಲ್ಕು ಬೆರಳು” ಎಂದು ತನ್ನ ಕೈ ಚಾಚಿ ಅಳೆದು ತೋರಿಸಿದ. ಅತ್ತೆ, ಅದು ಕೈಯಲ್ಲ, ಸಲಿಕೆ.

“ಅದು ನಮ್ಮ ಅತ್ತಿ ಗೇಣೋ ಮಾರಾಯಾ, ನಿಂದಲ್ಲ!”

“ಗೇಣಂದ್ರ ಗೇಣಲ್ಲೇನ್ರೀ? ಹೆಣ್ಣು ಗೇಣು, ಗಂಡು ಗೇಣು ಬ್ಯಾರೆ ಅದಾವೇನು?” ಎಂದು ನನ್ನ ಮೇಲೇ ರೇಗಿದ. ನಾನೂ ತಪ್ಪಿದೆ. ನಿಮ್ಮ ನಲವತ್ತಾರು ವರ್ಷದ ಅಡುಗೆಮನೆಯನ್ನು ಇಂಚಿಗೆ ಇಳಿಸಲು ಹೋದವಳು ಇದೊಂದನ್ನು ಇಂಚಿಗೆ ಇಳಿಸಲಿಲ್ಲ. ಕಲ್ಲು ಒಡೆಯದೆ ಬಿಡಿಸಿ ಗೋಡೆಗೆ ಒರಗಿಸಿದ್ದಾನೆ.

ಟೇಪಿನಲ್ಲಿ ಅಳೆದು ಬರೆಯಿರಿ ಎನ್ನಬಹುದಿತ್ತು. ಆದರೆ ನೀವು ಆ ಟ್ರಂಕು, ಪುಸ್ತಕ ಎಲ್ಲ ಮತ್ತೆ ಪೇರಿಸುವುದು ಬೇಡ, ಜಾರಿದರೆ ಕಷ್ಟ. ಒಂದು ಖಾಲಿ ಹಾಳೆಯ ಮೇಲೆ ಗೇಣು ಚಾಚಿ ಕೈಯಿಟ್ಟು, ಸುತ್ತ ಪೆನ್ನಿನಿಂದ ಗೆರೆ ಎಳೆಸಿ ಕಳಿಸಿ. ಆ ಹಾಳೆಯನ್ನೇ ಗೋಡೆಗೆ ಹಿಡಿದು ಅಳೆಯುತ್ತೇವೆ.

ನಿಮ್ಮ ಸೊಸೆ
ವಾಣಿಶ್ರೀ


ನಾರಾಯಣಖೇಡ
9 ಸೆಪ್ಟೆಂಬರ್ 2024

ವಾಣಿಶ್ರೀಗೆ ಆಶೀರ್ವಾದ.

ಕೈ ಕಳಿಸಿದ್ದೇನೆ. ಹೆಬ್ಬೆರಳು, ಕಿರುಬೆರಳು ಎಲ್ಲಿಯವರೆಗೆ ಹೋಗುತ್ತವೋ ಅಲ್ಲಿಯವರೆಗೆ ಚಾಚಿದ್ದೇನೆ. ಕಿರುಬೆರಳು ಸೊಟ್ಟಗಿದೆ, ಅದು ಪೆನ್ನಿನ ತಪ್ಪಲ್ಲ. ನಾಲ್ಕು ಬೆರಳಿನ ಅಗಲವನ್ನು ಕೆಳಗೆ ಬೇರೆಯೇ ಹಾಕಿದೆ. ಇನ್ನು ಪೋಚಪ್ಪನ ಸಲಿಕೆಗೆ ಕೆಲಸವಿಲ್ಲ.

ಗೆರೆ ಎಳೆದವಳು ಪ್ರೇಮಲಾ. ಯಾಕೆಂದು ಕೇಳಿದಳು, ಎಲ್ಲ ಹೇಳಿದೆ. ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಪೆನ್ನು ಮುಚ್ಚುತ್ತ, “ಹಂಗಂದ್ರ ನೀ ಹೋಗ್ತಿ” ಎಂದಳು. “ಹೋಗ್ತೀನವ್ವಾ” ಎಂದೆ. ನನ್ನ ಕೈಗೆ ಹತ್ತಿದ ಶಾಯಿಯನ್ನು ಸೆರಗಿನಿಂದ ಒರೆಸಿದಳು. ಅವಳಿಗೆ ಬೇಸರವಾಗಿದೆ, ನನಗೂ ಆಗಿದೆ. ಅವಳ ಮೇಲೆ ಯಾವ ದೂರೂ ಇಲ್ಲ. ಹಬ್ಬಕ್ಕೆ ಬಂದು ತಗ್ಗು ಕಟ್ಟೆಯಲ್ಲಿ ರೊಟ್ಟಿ ತಿಂದು ಹೋಗು ಎಂದಿದ್ದೇನೆ.

ಇಪ್ಪತ್ತಾರನೆಯ ತಾರೀಖು ಗುರುವಾರ ಝಹೀರಾಬಾದಿನ ಆಸ್ಪತ್ರೆಗೆ ತೋರಿಸಲು ಬರುತ್ತೇನೆ. ತೋರಿಸಿದ ಮೇಲೆ ನಾರಾಯಣಖೇಡಕ್ಕೆ ತಿರುಗುವುದಿಲ್ಲ, ನಿನ್ನ ಬಸ್ಸು ಹತ್ತುತ್ತೇನೆ. ಬಸ್ಸಿನ ಮೆಟ್ಟಿಲು ಎತ್ತರ, ಹತ್ತಿಸಲು ನಿನ್ನ ಗಂಡ ಕಾಶಿನಾಥನನ್ನು ಕರೆದುಕೊಂಡು ಬಾ. ಕೂಡಲು ಸೀಟು ಕೊಡಿಸು. ಅತ್ತೆ ಎಂದು ನಾಲ್ಕು ಜನರ ಮುಂದೆ ಹೇಳು, ನನಗೆ ಕೇಳಬೇಕು.

ನಿನ್ನ ಅತ್ತೆ
ತಾರಾಬಾಯಿ


ತಾಂಡೂರು
1 ಅಕ್ಟೋಬರ್ 2024

ವಾಣಿ,

ಒಂದೇ ಮನೆಯಲ್ಲಿದ್ದು ಕಾಗದ ಬರೆಯುತ್ತಾಳಲ್ಲ ಈ ಮುದುಕಿ ಎಂದು ನಗಬೇಡ. ನೀನು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಕಟ್ಟೆಯ ಮೇಲೇ ಹಾಳೆ ಇಟ್ಟುಕೊಂಡು ಬರೆದು ನಿನ್ನ ಊಟದ ಡಬ್ಬಿಯಲ್ಲಿ ಇಡುತ್ತಿದ್ದೇನೆ. ಎದುರಿಗೆ ನಿಂತು ಹೇಳಲು ನನಗೆ ಬರುವುದಿಲ್ಲ, ಈ ನಾಲ್ಕು ತಿಂಗಳಲ್ಲಿ ಕಾಗದದಲ್ಲಿ ಹೇಳಿ ರೂಢಿಯಾಗಿದೆ.

ಬಂದು ಐದು ದಿನವಾಯಿತು. ಅಡುಗೆಮನೆ ಹೇಗಿದೆ ಎಂದು ನೀನು ಕೇಳಿಲ್ಲ, ನನ್ನ ಮುಖ ನೋಡುತ್ತ ಸುಮ್ಮನೆ ಓಡಾಡುತ್ತೀಯ. ಹೇಳುತ್ತೇನೆ. ಕಿಟಕಿ ಚೆನ್ನಾಗಿದೆ, ಹಂಚಿನ ಮೇಲೆ ರೊಟ್ಟಿ ಉಬ್ಬುವುದು ಕಣ್ಣಿಗೆ ಕಾಣುತ್ತದೆ, ಇಷ್ಟು ವರ್ಷ ವಾಸನೆಯ ಮೇಲೆ ತಿರುಗಿಸಿದ್ದೆ. ಚಹಾದವರು ಬಾಗಿಲಲ್ಲೇ ಮಾಡಿಕೊಂಡು ಹೋಗುತ್ತಾರೆ, ಯಾರೂ ನನ್ನ ಪರಾತ ದಾಟುವುದಿಲ್ಲ. ಸಕ್ಕರೆ ಡಬ್ಬಿಯನ್ನು ತೀರ ಮೇಲಿಟ್ಟಿದ್ದೀಯ, ಪೂರ್ಣಿಮಾ ದಿನಾ ಚೆಲ್ಲುತ್ತಾಳೆ, ಕೆಳಗಿಡು. ಕಟ್ಟೆ ಸರಿಯಾಗಿದೆ. ನಿನ್ನೆ ಹದಿನಾಲ್ಕು ರೊಟ್ಟಿ ಬಡಿದೆ, ಭುಜವೂ ನೋಯಲಿಲ್ಲ, ಸೊಂಟವೂ ನೋಯಲಿಲ್ಲ. ಹದಿನೈದನೆಯದಕ್ಕೆ ಹಿಟ್ಟು ಉಳಿದಿರಲಿಲ್ಲ.

ನಾಳೆ ಬುಧವಾರ, ನಿನಗೆ ವಾರದ ರಜೆ. ನಾಳೆ ಪರಾತದ ಮುಂದೆ ನೀನು ಕೂಡು. ಇನ್ನು ಪ್ರತಿ ಬುಧವಾರವೂ ನೀನೇ. ನಾನು ಬೇಗ ಏಳುವುದಿಲ್ಲ, ನಿನ್ನ ಮಾವನ ಮೇಲೆ ಆಣೆ.

ಒಂದು ಮಾತು ಇದುವರೆಗೆ ಯಾರಿಗೂ ಹೇಳಿಲ್ಲ. ಈ ಮನೆಯಲ್ಲಿ ನಾನು ಎಷ್ಟು ಸಾವಿರ ರೊಟ್ಟಿ ಬಡಿದಿದ್ದೇನೋ ಲೆಕ್ಕವಿಲ್ಲ. ಎಲ್ಲರ ತಟ್ಟೆಗೂ ಹಂಚಿನಿಂದ ನೇರ ಹಾಕಿದ್ದೇನೆ. ನನ್ನದು ಯಾವಾಗಲೂ ಕೊನೆಯದು. ಒಲೆ ಆರಿಸಿ, ಪರಾತ ತೊಳೆದು, ಕೂಡುವ ಹೊತ್ತಿಗೆ ತಣ್ಣಗೆ ಬಿರುಸಾಗಿರುತ್ತದೆ. ಈ ಮನೆಗೆ ಬಂದ ಮೇಲೆ ಇನ್ನೊಬ್ಬರು ಬಡಿದ ಬಿಸಿ ರೊಟ್ಟಿ ಒಮ್ಮೆಯೂ ತಿಂದಿಲ್ಲ. ತಿನ್ನಬಹುದಿತ್ತು, ನಾನೇ ನಿನ್ನನ್ನು ಪರಾತದ ಮುಂದಿನಿಂದ ಎಬ್ಬಿಸಿದೆ.

ನಾಳೆ ನಿನ್ನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ತಟ್ಟೆ ಹಿಡಿದು ಕೂಡುತ್ತೇನೆ. ನಿನ್ನ ಮಾವ ಎಷ್ಟೇ ಕೂಗಲಿ, ಮೊದಲನೆಯದು ನನಗೆ ಹಾಕು. ಎರಡನೆಯದೂ ನನಗೇ ಹಾಕು.

ನಿನ್ನ ಅತ್ತೆ
ತಾರಾಬಾಯಿ